ಸುಮಲತಾಳ ಪರಿಚಯದ ಸಾಲು

ತಾನು ಕೆಲಸ ಮಾಡುವ ಸಂಶೋಧನಾ ಕೇಂದ್ರದ ಜಾಲತಾಣದಲ್ಲಿ ಸಂಶೋಧಕರ ಪರಿಚಯದ ಪುಟ ತೆರೆದಾಗ ಸುಮಲತಾಳ ಮೈ ಉರಿಯಿತು. ಆ ಪುಟ ಸಿದ್ಧಪಡಿಸಿದ ಸಹೋದ್ಯೋಗಿ ಮನೋಹರ್ ತನ್ನ ಬಗ್ಗೆ ಎಂಟು ಸಾಲು ಬರೆದುಕೊಂಡಿದ್ದ: ಪದವಿ, ವಿದೇಶದ ತರಬೇತಿ, ಪ್ರಶಸ್ತಿ. ಅವಳ ಫೋಟೋದ ಕೆಳಗೆ ‘ಕಚೇರಿ ಸಹಾಯಕಿ’ ಎಂದಷ್ಟೇ ಇತ್ತು.

ಹೊಸಪೇಟೆಯ ಆ ಸಣ್ಣ ಕೇಂದ್ರಕ್ಕೆ ಇಬ್ಬರೂ ಸಂಶೋಧಕರೆಂದೇ ಸೇರಿದವರು. ಹಳ್ಳಿಯ ಜನ ಫೋನಿನಲ್ಲಿ ಕನ್ನಡವನ್ನು ಹೇಗೆ ಓದುತ್ತಾರೆಂದು ತಿಳಿದು, ಅವರಿಗೆ ಒಗ್ಗುವಂತೆ ಜಾಲತಾಣ ವಿನ್ಯಾಸ ಮಾಡುವುದು ಕೆಲಸ. ಮನೋಹರ್ ಅಕ್ಕಿಗಿರಣಿಯವರ ಮಗ, ದೊಡ್ಡ ಸಂಸ್ಥೆಯಲ್ಲಿ ಡಿಸೈನ್ ಓದಿದವನು. ಮೆಟ್ರಿ ಹಳ್ಳಿಯ ಸುಮಲತಾ ಕಂಪ್ಲಿಯ ಡಿಟಿಪಿ ಅಂಗಡಿಯಲ್ಲಿ ಒಂಬತ್ತು ವರ್ಷ ಲಗ್ನಪತ್ರಿಕೆ, ಕರಪತ್ರ ಜೋಡಿಸುತ್ತಲೇ ದೂರಶಿಕ್ಷಣದಲ್ಲಿ ಎಂಸಿಎ ಮುಗಿಸಿದವಳು.

“ಇದೇನ್ರಿ ಬರ್ದೀರಿ?” ಎಂದು ಅವನ ಮೇಜಿನ ಮುಂದೆ ನಿಂತಳು.

ಅವನು ತಲೆ ಎತ್ತಲಿಲ್ಲ. “ಮತ್ತೇನ್ ಬರೀಲಿ? ಲಗ್ನಪತ್ರಿಕಿ ಟೈಪ್ ಮಾಡ್ತಿದ್ಲು ಅಂತ ಹಾಕ್ಲೇನು? ನೋಡಿದವ್ರು ನಗ್ತಾರ.”

“ನಗ್ಲಿ. ಇದ್ದದ್ದು ಹಾಕ್ರಿ.”

“ನಿಮ್ಮ ಮಾನ ಉಳಿಸೀನಿ, ಸುಮ್ನಿರ್ರಿ.”

ಅವಳು ಕೇಂದ್ರದ ಮುಖ್ಯಸ್ಥ ಕೊಟ್ರಯ್ಯನವರ ಬಳಿ ಹೋದಳು. ಅವರು ಕನ್ನಡಕ ಒರೆಸುತ್ತ, “ಒಂದು ಸಾಲಿಗೆ ಯಾಕವ್ವಾ ಇಷ್ಟು ಜಗಳ? ಬಿಡು” ಎಂದು ಕಳಿಸಿದರು.

ಮರುವಾರ, ಆಸ್ಪತ್ರೆಯ ಚೀಟಿಯನ್ನು ಫೋನಿನಲ್ಲೇ ಪಡೆಯಲು ಮನೋಹರ್ ವಿನ್ಯಾಸ ಮಾಡಿದ್ದ ಹೊಸ ಪುಟವನ್ನು ಪರೀಕ್ಷಿಸಲು ಕೊಟ್ರಯ್ಯನವರೂ ಸೇರಿ ಮೂವರೂ ಕಡ್ಡಿರಾಂಪುರಕ್ಕೆ ಹೋದರು. ರಸ್ತೆ ಬದಿ ಹೋಟೆಲು ನಡೆಸುವ ಹೊಳೆಮ್ಮ ತನ್ನ ಹಳೆಯ ಫೋನಿನ ತೆರೆಯ ಮೇಲೆ, ಗುಂಡಿಗಳಲ್ಲಿ ಬರೆದಿದ್ದ ವಿಭಾಗಗಳ ಹೆಸರನ್ನು ಒಂದೊಂದಾಗಿ ಓದಿದಳು. “ಕಣು... ಹಲು... ರಕ... ಏನ್ರಿ ಇದು?”

“ಕಣ್ಣು, ಹಲ್ಲು, ರಕ್ತ!” ಮನೋಹರ್ ರೇಗಿದ. “ಅಷ್ಟೂ ಓದಾಕ ಬರಂಗಿಲ್ಲೇನು? ಬ್ಯಾರೆಯವ್ರನ್ನ ಕರೀರಿ.”

ಹೊಳೆಮ್ಮನ ಮುಖ ಕಪ್ಪಿಟ್ಟಿತು. ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸುಮಲತಾ ಅವಳ ಪಕ್ಕ ಕೂತಳು. “ಅಕ್ಕಾ, ತಪ್ಪು ನಿಮ್ದಲ್ಲ. ಗುಂಡಿ ಗಿಡ್ಡ ಐತಿ, ಒತ್ತಕ್ಷರ ಕೆಳಗ ಕತ್ತರಿಸಿ ಹೋಗ್ಯಾವ. ನೀವು ಕಂಡದ್ದನ್ನೇ ಓದೀರಿ.” ಅಲ್ಲೇ ಲ್ಯಾಪ್‌ಟಾಪ್ ತೆರೆದು ಗುಂಡಿಗಳ ಎತ್ತರ ಹೆಚ್ಚಿಸಿದಳು. ಕಂಪ್ಲಿಯ ಅಂಗಡಿಗೆ ಸೇರಿದ ಹೊಸದರಲ್ಲಿ, ಹೀಗೇ ಒತ್ತು ಕತ್ತರಿಸಿಹೋಗಿದ್ದ ಐನೂರು ಲಗ್ನಪತ್ರಿಕೆಗಳನ್ನು ಮದುಮಗಳ ಅಪ್ಪ ಅವಳ ಮುಂದೆಯೇ ಎಸೆದು ಹೋಗಿದ್ದ. ಅಂದಿನಿಂದ ಅವಳ ಕಣ್ಣು ಮೊದಲು ಅಕ್ಷರದ ಬುಡಕ್ಕೇ ಹೋಗುತ್ತಿತ್ತು. ಹೊಳೆಮ್ಮ ಈಗ ತಡವರಿಸದೆ ಓದಿ ಚೀಟಿ ಪಡೆದಳು.

ಎರಡು ದಿನದ ನಂತರ ಮನೋಹರ್ ಕೊಟ್ರಯ್ಯನವರ ಸಹಿಗೆಂದು ವರದಿ ಬರೆದು ಇಬ್ಬರಿಗೂ ಕಳಿಸಿದ. ದೋಷ ಕಂಡುಹಿಡಿದದ್ದೂ ಸರಿಪಡಿಸಿದ್ದೂ ತಾನೇ ಎಂದು ಬರೆದಿದ್ದ.

ಸುಮಲತಾ ಅದನ್ನು ಮುದ್ರಿಸಿ ಕೊಟ್ರಯ್ಯನವರ ಮೇಜಿನ ಮೇಲೆ ಹಾಕಿದಳು. “ನೀವೂ ಅಲ್ಲೇ ಇದ್ರಿ ಸರ್. ಇದಕ್ಕ ಸಹಿ ಹಾಕ್ತೀರೇನು?”

ಕೊಟ್ರಯ್ಯ ವರದಿಯನ್ನು ಕೊನೆಯವರೆಗೆ ಓದಿದರು. ಆಮೇಲೆ ಮನೋಹರನನ್ನು ಕರೆಸಿದರು. “ವರದಿ ತಿದ್ದು. ಆ ಪರಿಚಯದ ಪುಟಾನೂ ತಿದ್ದು. ಈಗ, ನನ್ನ ಮುಂದ.”

“ಡಿಟಿಪಿ ಅಂಗಡಿಯವ್ಳು ಸಂಶೋಧಕಿ ಅಂದ್ರ ನಮ್ಮ ಮರ್ಯಾದಿ ಏನಾಗ್ಬೇಕು ಸರ್?”

“ನೀ ಕೆಡಿಸಿದ್ದನ್ನ ಆಕಿ ಸರಿ ಮಾಡ್ಯಾಳ. ಟೈಪ್ ಮಾಡು.”

ಸುಮಲತಾ ಹಿಂದೆ ನಿಂತು ಒಂದೊಂದೇ ಪದ ಹೇಳಿದಳು: ಸಂಶೋಧಕಿ. ಕಂಪ್ಲಿಯ ಡಿಟಿಪಿ ಅಂಗಡಿಯಲ್ಲಿ ಅಕ್ಷರ ಜೋಡಣೆಯ ಒಂಬತ್ತು ವರ್ಷದ ಅನುಭವ. ಅವನು ಕೀಲಿಮಣೆಯನ್ನು ಕುಟ್ಟಿದ. ಮುಗಿಸಿ ಎದ್ದವನು ಅವಳಿಗಷ್ಟೇ ಕೇಳುವಂತೆ, “ನೆಪ್ಪಿಟ್ಕೋ, ನಿನ್ನ ಸುಮ್ನ ಬಿಡಂಗಿಲ್ಲ” ಎಂದ.

“ಬಿಡಬ್ಯಾಡ್ರಿ,” ಎಂದಳು. “ನಾನೂ ಇಲ್ಲೇ ಇರ್ತೀನಿ.”

ಅಂದಿನಿಂದ ಇಬ್ಬರೂ ಅಕ್ಕಪಕ್ಕದ ಮೇಜುಗಳಲ್ಲಿ ಕೂತು ಈಮೇಲಿನಲ್ಲೇ ಮಾತಾಡುತ್ತಾರೆ. ಅವಳ ಪ್ರತಿ ಕೆಲಸದಲ್ಲೂ ಅವನು ತಪ್ಪು ಹುಡುಕುತ್ತಾನೆ. ಸಿಕ್ಕರೆ ಅವಳು ತಿದ್ದುತ್ತಾಳೆ. ಸಿಗದ ದಿನ ಅವನು ಬಾಗಿಲನ್ನು ರಪ್ಪನೆ ಹಾಕಿಕೊಂಡು ಚಹಾಕ್ಕೆ ಹೋಗುತ್ತಾನೆ.