ಹದಿನೇಳನೇ ಗೇಟು ದಾಟಿದ ಸೈಕಲ್ಲು

ನಾನು ಇಪ್ಪತ್ತೆರಡು ಇಂಚಿನ ಒಂದು ಕಪ್ಪು ಸೈಕಲ್ಲು. ಕಾರ್ಖಾನೆಯಲ್ಲಿ ಹುಟ್ಟಿ, ಮೈಗೆಲ್ಲ ಗೋಣಿ ಸುತ್ತಿಸಿಕೊಂಡು ಗದಗಕ್ಕೆ ಬಂದೆ. ಮೊದಲು ನನ್ನನ್ನು ಕೊಂಡವರು ಒಬ್ಬ ಕಂಪೌಂಡರು. ಅವರ ಮನೆಗೆ ಮೋಟಾರ್ ಸೈಕಲ್ ಬಂದ ದಿನವೇ ನಾನು ಬೇಡವಾದೆ. ಹೋಗಲಿ ಬಿಡಿ, ನನ್ನ ಚೈನಿಗೆ ಒಂದು ಹನಿ ಎಣ್ಣೆ ಹಾಕಿದವರಲ್ಲ ಅವರು.

ಆಮೇಲೆ ಯಮನಪ್ಪನ ಕೈ ಸೇರಿದೆ. ಸಣ್ಣ ರೈಲು ದಾರಿಯೊಂದರ ಹದಿನೇಳನೇ ಗೇಟು ಕಾಯುತ್ತಿದ್ದ ಮನುಷ್ಯ. ಗೇಟಿನ ಪಕ್ಕದ ಒಂದೇ ಕೋಣೆಯ ಮನೆಯಲ್ಲಿ ಅವನೂ ಹೆಂಡತಿ ಫಕ್ಕೀರವ್ವನೂ ಇದ್ದರು. ದಿನಕ್ಕೆ ಎರಡೇ ಗಾಡಿ. ಬರುವ ಹೊತ್ತು ಮಾತ್ರ ದೇವರಿಗೇ ಗೊತ್ತು. ಹಾಗಾಗಿ ಗೇಟು ಬಿಟ್ಟು ಕದಲುವಂತಿರಲಿಲ್ಲ. ಯಮನಪ್ಪ ಸಂತೆಗೆ ಹೋದರೆ ಫಕ್ಕೀರವ್ವ ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದಳು. ತನ್ನ ತಮ್ಮನ ಮದುವೆಗೂ ಅವಳು ಒಬ್ಬಳೇ ಬಸ್ಸು ಹತ್ತಿದಳು. ಇಪ್ಪತ್ತೆಂಟು ವರ್ಷ ನನ್ನ ಸೀಟೂ ಕ್ಯಾರಿಯರೂ ಒಟ್ಟಿಗೆ ತುಂಬಿದ್ದೇ ಇಲ್ಲ. ನನಗೆ ಅದೊಂದು ಕೊರಗು.

ಫಕ್ಕೀರವ್ವನದೂ ಒಂದು ಕೊರಗಿತ್ತು. ಗಾಡಿ ಮರೆಯಾದ ಮೇಲೂ ಆ ದಿಕ್ಕನ್ನೇ ನೋಡುತ್ತ, "ಇದು ಎಲ್ಲಿ ಹೋಗಿ ನಿಲ್ತೈತೋ, ಒಮ್ಮೆ ಇಬ್ರೂ ಹೋಗಿ ನೋಡೂಣ್ರಿ," ಎನ್ನುತ್ತಿದ್ದಳು.

"ಗೇಟು ಯಾರು ನೋಡ್ತಾರ?" ಎನ್ನುತ್ತಿದ್ದ ಅವನು.

ಕೊನೆಗೆ ಗಾಡಿಯೇ ನಿಂತುಹೋಯಿತು. ಹಳಿ ಕಿತ್ತರು, ಕೋಣೆ ಕೆಡವಿದರು. ನಾವು ಮೂವರೂ ಎರಡು ಮೈಲಿ ಈಚಿನ ಹಳ್ಳಿಗೆ ಬಂದೆವು. ಹಳೆಯ ರೂಢಿ ಬಿಡಲಿಲ್ಲ, ಅಲ್ಲಿಯೂ ಒಬ್ಬರು ಹೊರಟರೆ ಇನ್ನೊಬ್ಬರು ಮನೆಯಲ್ಲೇ ಉಳಿಯುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಅದೇ ದಾರಿಗೆ ಕೆಂಪು ಗರಸು ಹಾಸಿ ಸೈಕಲ್ ದಾರಿ ಮಾಡಿದರು.

ಒಂದು ಚಳಿಗಾಲ ಸೈಕಲ್ ಪ್ರವಾಸದ ತಂಡವೊಂದು ನಮ್ಮ ಹಳ್ಳಿಯಲ್ಲಿ ತಂಗಿತು. ಗೇರೇನು, ನೀರಿನ ಬಾಟಲಿಯೇನು, ಆ ಸೈಕಲ್ಲುಗಳ ಠೀವಿಯೇ ಠೀವಿ! ಆದರೆ ಒಂದಕ್ಕೂ ಕ್ಯಾರಿಯರ್ ಇರಲಿಲ್ಲ, ಪಾಪ. ತಂಡದ ಮುಂದಾಳು ಜೋಶಿ ಮೇಡಂ ನನ್ನನ್ನು ನೋಡಿ ಯಮನಪ್ಪನಿಗೆ, "ಕಾಕಾ, ನಾಳೆ ಕೊನೇ ಸ್ಟೇಷನ್ ತನಕಾ ಹೊಂಟೀವಿ. ನೀವೂ ಬರ್ರಿ," ಎಂದರು. ಯಮನಪ್ಪ ಬಾಯಿ ತೆರೆಯುವಷ್ಟರಲ್ಲಿ ಫಕ್ಕೀರವ್ವ ರೊಟ್ಟಿ ಬಡಿಯಲು ಒಳಗೆ ಹೋಗಿದ್ದಳು.

ಬೆಳಿಗ್ಗೆ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಎರಡು ಮೈಲಿ ಸುಖವಾಗಿ ಸಾಗಿತು. ಆಗ ಗೇಟಿದ್ದ ಜಾಗ ಬಂತು. ಉಳಿದದ್ದು ಒಂದು ಬಿಳಿ ಕಂಬ ಮಾತ್ರ. ಯಮನಪ್ಪ ಗಕ್ಕನೆ ಬ್ರೇಕ್ ಹಿಡಿದು ತಾನೂ ಇಳಿದು ಅವಳನ್ನೂ ಇಳಿಸಿದ.

"ಮೇಡಂ, ಇಕೀನ್ನ ನೀವು ಕರ್ಕೊಂಡು ಹೋಗ್ರಿ. ಇಬ್ರೂ ಗೇಟು ಬಿಟ್ಟು ಹೆಂಗ ಹೋಗೂದು?"

"ಕಾಕಾ, ಈಗ ಗಾಡಿನ ಇಲ್ಲಲ್ರಿ!"

"ಗೊತ್ತೈತ್ರಿ ಮೇಡಂ. ಕಾಲು ಏಳವಲ್ವು."

ಅವನು ನನ್ನನ್ನು ಆ ಬಿಳಿ ಕಂಬಕ್ಕೆ ಒರಗಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ.

ಫಕ್ಕೀರವ್ವ ಎಲೆಅಡಿಕೆ ಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದಳು. ಅದೇ ಹಳೆಯ ಬಾವುಟ! ಹತ್ತು ಹೆಜ್ಜೆ ಮುಂದೆ ಹೋಗಿ, ದಾರಿಯ ಬದಿಗೆ ನಿಂತು, ಗಂಡನಿಗೇ ನೇರವಾಗಿ ಹಿಡಿದಳು. ಮಾಸಿದ್ದರೂ ಹಸಿರು ಹಸಿರೇ.

"ಲೈನ್ ಕ್ಲಿಯರ್ ಐತ್ರಿ. ಬರ್ರಿ."

ಹಸಿರು ಕಂಡ ಮೇಲೂ ನಿಲ್ಲುವುದು ಯಾವ ರೈಲ್ವೆಯವನಿಂದಲೂ ಆಗದು. ಯಮನಪ್ಪ ನನ್ನನ್ನೇರಿ ಪೆಡಲ್ ತುಳಿದ. ಪಕ್ಕದಲ್ಲಿ ಹಾಯುವಾಗ ಅವಳು ಟಣ್ಣನೆ ಹಾರಿ ಕ್ಯಾರಿಯರ್ ಮೇಲೆ ಕೂತಳು. ಕ್ಯಾರಿಯರ್ ಬಾಗಿ ನನ್ನ ಬೆನ್ನು ಮುರಿದಂತಾಯಿತು, ಆದರೂ ಅಂಥ ಖುಷಿ ನಾನು ಕಂಡಿಲ್ಲ.

ಕೊನೇ ಸ್ಟೇಷನ್ನಿನಲ್ಲಿ ಇದ್ದದ್ದು ಮುರಿದ ಪ್ಲಾಟ್‌ಫಾರ್ಮು, ಒಂದು ಬೇವಿನ ಮರ, ಹಳಿ ಮುಗಿಯುತ್ತಿದ್ದಲ್ಲಿ ಒಂದು ಮಣ್ಣಿನ ದಿಬ್ಬ.

"ಇಷ್ಟೇ ಏನ್ರಿ?" ಎಂದಳು. ಯಮನಪ್ಪನ ಮುಖ ಸಣ್ಣದಾಯಿತು. "ಇಲ್ಲಿಗೆ ಬರಾಕ ಆ ಗಾಡಿ ಅಷ್ಟು ಒದರ್ಯಾಡ್ತಿತ್ತಾ!" ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಇಬ್ಬರೂ ದಿಬ್ಬದ ಮೇಲೆ ಕೂತು ರೊಟ್ಟಿ ತಿಂದರು.

ಈಗ ನನಗೆ ವಯಸ್ಸಾಗಿದೆ. ಹಿತ್ತಲ ಗೋಡೆಗೆ ಒರಗಿರುತ್ತೇನೆ. ಬಾವುಟ ನನ್ನ ಹ್ಯಾಂಡಲ್ಲಿಗೇ ಕಟ್ಟಿದೆ. ಮೊನ್ನೆ ಪಂಕ್ಚರ್ ಹಾಕಲು ಬಂದವನು, "ಕಾಕಾ, ಕ್ಯಾರಿಯರ್ ಬಗ್ಗೈತಿ, ಬಡಿದು ನೆಟ್ಟಗ ಮಾಡ್ಲಾ?" ಎಂದ.

"ಬ್ಯಾಡಪ್ಪಾ. ಅಕೀ ಕುಂಡ್ರಾಕ ಹಂಗ ಚಲೋ," ಎಂದ ಯಮನಪ್ಪ.

"ನಾ ಏನು ಅಷ್ಟು ದಪ್ಪ ಇಲ್ರಿ!" ಎಂದು ಒಳಗಿನಿಂದ ಕೇಳಿಸಿತು.

ಇಪ್ಪತ್ತೆಂಟು ವರ್ಷಕ್ಕೂ ಮಿಕ್ಕಿ ಕಾದು ಪಡೆದ ಬಾಗು ಅದು. ನೆಟ್ಟಗಿದ್ದ ದಿನಗಳಿಗಿಂತ ನನಗೆ ಅದೇ ಇಷ್ಟ.