ಹೊಲಿಗೆ ಮೆಷಿನ್ನಿನ ಸದ್ದು

ಯಾರೋ ಕುರ್ಚಿ ಎಳೆದರು, ಗೋಡೆಯಾಚೆ, ಕೋರ್ಟ್ ಹಾಲಿನಲ್ಲಿ — ಈಗ ಅವನು ಕಿವಿ ಮುಚ್ಚಿಕೊಂಡಿರುತ್ತಾನೆ, ನಾನಿವತ್ತು ಶಿಕ್ಷೆ ಹೇಳಬೇಕಾದ ಹತ್ತೊಂಬತ್ತರ ಹುಡುಗ, ಎರಡೂ ಅಂಗೈ ಒತ್ತಿ, ಕಣ್ಣು ನೆಲಕ್ಕೆ, ಪಕ್ಕದಲ್ಲಿ ಅವನಮ್ಮ ಬೆನ್ನು ಸವರುತ್ತಿರುತ್ತಾಳೆ, ಮುಟ್ಟಿದರೆ ಅವನಿಗಾಗದು, ಬಿಟ್ಟರೆ ಅವಳಿಗಾಗದು. ಕೋಟಿನ ಗುಂಡಿ ತಪ್ಪಾಗಿ ಹಾಕಿ ಬಿಚ್ಚಿ ಮತ್ತೆ ಹಾಕುತ್ತಿದ್ದೇನೆ, ಎಷ್ಟೋ ವರ್ಷ ತೀರ್ಪು ಬರೆದ ಕೈ, ನಾಚಿಕೆಯಾಗಬೇಕು, ಆಗುತ್ತಿಲ್ಲ, ಭಯವಾಗುತ್ತಿದೆ. ಅವನು ಕೆಳಗಿನ ಅಂಗಡಿಯ ಹೊಲಿಗೆ ಮೆಷಿನ್ನಿನ ಸದ್ದು ತಡೆಯಲಾರದೆ ಮಹಡಿಯ ಮನೆಯಿಂದ ಇಳಿದು ಬಂದ, ಪೇಂಟಿನ ಥಿನ್ನರ್ ಸುರಿದ, ಕಡ್ಡಿ ಗೀರಿದ, ಮನೆಯಲ್ಲಿ ಮಿಕ್ಸಿ ಹಾಕಿದರೆ ನಮ್ಮ ಯಜಮಾನರೂ ಕಿವಿ ಮುಚ್ಚಿಕೊಳ್ಳುತ್ತಾರೆ, ಗೊಣಗುತ್ತಾರೆ, ಪಾಪ, ಮಿಕ್ಸಿಗೆ ಬೆಂಕಿಯಿಟ್ಟಿಲ್ಲ — ಛೆ, ನಗುವ ಹೊತ್ತೇ ಇದು, ಮೆಷಿನ್ ಮುಂದೆ ಟೈಲರಮ್ಮ ಇದ್ದಳಲ್ಲ, ಯಾರದೋ ಮಗುವಿನ ಫ್ರಾಕ್ ಉಳಿಸಲು ಉರಿಯೊಳಗೆ ಕೈ ಹಾಕಿದಳಲ್ಲ. ಕಟಕಟೆಯಲ್ಲಿ ನಿಂತು ಬಲಗೈ ಎತ್ತಿದಳು, ಮುದುಡಿದ ಕೆಂಪು ಚರ್ಮ, ಹೆಬ್ಬೆರಳು ಮಾತ್ರ ನೆಟ್ಟಗೆ, ಸೂಜಿ ಹಿಡಿಯಲು ಬಗ್ಗದ್ದು, ನಾನು ಅದನ್ನೇ ನೋಡುತ್ತಿದ್ದೆ, ಅವಳು ಹೇಳುತ್ತಿದ್ದಳು, ಅವನು ಕೆಟ್ಟವನಲ್ಲ ಅಂತಾರೆ, ಇರ್ಲಿ ಮೇಡಂ, ನಾನೇನು ಮಾಡಿದ್ದೆ, ಈಗ ಮಗಳು ಮೆಷಿನ್ ತುಳೀತಾಳೆ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದ್ರೆ ಇಬ್ರೂ ಉಸಿರು ಬಿಗಿ ಹಿಡೀತೀವಿ.

ಆಮೇಲೆ ನಾನು ಆ ಹುಡುಗನಿಗೆ ಕೇಳಬಾರದ್ದನ್ನು ಕೇಳಿದೆ. ಶಿಕ್ಷೆಗೆ ಮುಂಚೆ ಎಲ್ಲರನ್ನೂ ಕೇಳುತ್ತೇನೆ, ಮತ್ತೆ ಹೀಗೆ ಮಾಡ್ತೀಯಾ, ಎಲ್ಲರೂ ಇಲ್ಲ ಅನ್ನುತ್ತಾರೆ, ಪಕ್ಕಾ ಕಳ್ಳರು ಎಲ್ಲರಿಗಿಂತ ಬೇಗ ಅನ್ನುತ್ತಾರೆ, ಅದೊಂದು ಶಾಸ್ತ್ರ. ವಕೀಲರು ವಾರವಿಡೀ ಬಾಯಿಪಾಠ ಮಾಡಿಸಿದ್ದರಂತೆ, ಅವನು ಫ್ಯಾನ್ ನೋಡುತ್ತಾ ಹೇಳಿದ, ಸದ್ದು ಬಂದ್ರೆ ಮಾಡ್ತೀನಿ. ಅವನಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಸುಳ್ಳು ಹೇಳಲು ಬಾರದವನನ್ನು ಜೈಲಿಗೆ ಹಾಕಲೇ, ಕಬ್ಬಿಣದ ಬಾಗಿಲು ದಿನವಿಡೀ ಬಡಿಯುವ ಕಡೆ, ಗೋಡೆಗೆ ತಲೆ ಚಚ್ಚಿಕೊಂಡು ಸತ್ತರೆ, ಮನೆಗೆ ಕಳಿಸಲೇ, ಆ ಮೆಟ್ಟಿಲು, ಆ ಮಗಳು — ಅತ್ತ ದರಿ ಇತ್ತ ಪುಲಿ, ಅವನನ್ನು ಪರೀಕ್ಷಿಸಿದ ಡಾಕ್ಟರು ಎಷ್ಟು ಸಲೀಸಾಗಿ ಅಂದರು, ಆಟಿಸಂ ಇರೋರೆಲ್ಲ ಹೀಗಲ್ಲ ಮೇಡಂ, ಇವನಿಗೆ ಸದ್ದು ಅಂದ್ರೆ ನೋವು, ತಾಳ್ಮೆಯಿಂದ ಕಲಿಸಿದ್ರೆ ಕಲೀತಾನೆ, ಎಷ್ಟು ದಿನಕ್ಕೆ ಅಂದೆ, ಅದು ಹೇಳೋಕಾಗಲ್ಲ ಅಂದರು.

ಮೇಡಂ, ಎಲ್ಲರೂ ಬಂದಿದ್ದಾರೆ, ಗುಮಾಸ್ತರ ದನಿ, ನಡೆದೆ, ಕೂತೆ, ಫ್ಯಾನ್ ಆರಿಸಿ ಅಂದೆ, ಅವನು ಕಿವಿಯಿಂದ ಕೈ ಇಳಿಸಿದ, ಓದುತ್ತಿದ್ದೇನೆ, ಓದುವ ದನಿ ನನ್ನದಲ್ಲ ಅನ್ನಿಸುತ್ತಿದೆ, ಜೈಲಲ್ಲ, ಎರಡು ವರ್ಷ ಕಾವಲಿರುವ ಆರೈಕೆ ಕೇಂದ್ರ, ಆಮೇಲೆ ಮನೆ, ಅವನಮ್ಮ ಅಳುತ್ತಾಳೆ, ಅರ್ಥವಾಯ್ತೇನಪ್ಪಾ ಅಂದೆ, ಮೊದಲ ಬಾರಿ ನನ್ನ ಕಡೆ ತಿರುಗಿದ, ನಾನು ಮನೆಗೆ ಬಂದಾಗ ಮೆಷಿನ್ ಇರುತ್ತಾ — ಇರುತ್ತೆ ಅನ್ನಲೇ, ಇರಲ್ಲ ಅನ್ನಲೇ, ಅದು ಅವರ ಅನ್ನ, ಮೊದಲ ಸಾಲಿನಲ್ಲಿ ಟೈಲರಮ್ಮ ಮಗಳ ತೋಳು ಹಿಡಿದಿದ್ದಾಳೆ, ನಾಲ್ಕು ಬೆರಳು ಬಿಗಿದಿವೆ, ಒಂದು ನೆಟ್ಟಗೆ, ನನ್ನ ಕಡೆಗೆ, ಆ ಹೆಬ್ಬೆರಳು, ಬಗ್ಗದ ಆ ಹೆಬ್ಬೆರಳು