ಚುಕ್ಕಿ ಬಿದ್ದ ಮೆಣಸಿನ ಗಿಡ

ಎಳ್ಳ ಅಮಾವಾಸ್ಯೆಗೆ ಚಿತ್ತಾಪುರದ ಬೀಗರು ಕುರಕುಂಟಾದ ನಮ್ಮ ಹೊಲಕ್ಕೆ ಊಟಕ್ಕೆ ಬರುವವರಿದ್ದರು. ಹಾಗಾಗಿ ನಮ್ಮ ಮಾವ ಗುರುಲಿಂಗಪ್ಪನವರು ಬೆಳಗ್ಗೆಯೇ ಗಿಡಗಳ ಮರ್ಯಾದೆ ಪರೀಕ್ಷಿಸಲು ಇಳಿದರು.

ಬಾವಿಯ ಪಕ್ಕದ ಮಡಿಯಲ್ಲಿದ್ದದ್ದು ನನ್ನ ತವರಿನ ಮೆಣಸಿನಕಾಯಿ ತಳಿ. ಸನ್ನತಿಯಲ್ಲಿ ಭೀಮಾ ಹೊಳೆ ಉಕ್ಕಿ ಅವ್ವನ ಹಿತ್ತಲಿಗೆ ನುಗ್ಗಿದ ಮೇಲೆ ಆ ತಳಿ ಉಳಿದದ್ದು ಇಲ್ಲಿ ಮಾತ್ರ. ಪಕ್ಕದ ಹೊಲದ ಮೆಣಸಿಗೆ ಆಗಲೇ ಎಲೆರೋಗ ಬಂದಿತ್ತು. ನಮ್ಮ ಕೆಲವು ಗಿಡಗಳ ಮೇಲೆ ಸಾಸಿವೆಯಷ್ಟು ಒಣ ಚುಕ್ಕಿಗಳು ಎದ್ದಿದ್ದವು, ಉಳಿದವು ಹೊಳೆಯುತ್ತಿದ್ದವು. ಮಾವ ಚುಕ್ಕಿಯ ಗಿಡಗಳನ್ನು ಕೀಳತೊಡಗಿದರು.

"ಮಾವಾ, ಅವನ್ನ ಕೀಳಬ್ಯಾಡ್ರಿ. ರೋಗ ಹೊಕ್ಕ ಜಾಗಾನ ಗಿಡ ತಾನೇ ಸಾಯಿಸಿ, ಮುಂದ ಹೋಗದಂಗ ತಡದದ. ಹೊಳಿಲಿಕತ್ತಾವಲ್ಲ, ಅವಕ್ಕ ರೋಗ ಬಂದದ್ದೇ ಇನ್ನಾ ಗೊತ್ತಾಗಿಲ್ಲ."

"ತನ್ನ ಮೈ ತಾನೇ ಸುಟ್ಕೊಂಡದ್ದು ಶಾಣ್ಯಾ, ಛಂದ ನಿಂತದ್ದು ಹುಚ್ಚು! ಕಾಲೇಜಿನ್ಯಾಗ ಇದನ್ನೇ ಕಲಿಸಿದ್ರೇನವ್ವಾ?"

ಅತ್ತೆ ಹಣಮಮ್ಮ ಬುತ್ತಿ ಇಳಿಸುತ್ತ ನಕ್ಕರು. "ಮೆಣಸಿನ ಗಿಡಕ್ಕೂ ಅಮ್ಮ ಬಂದಾಳೇನ್ರಿ ಅಂತ ಬೀಗರು ಕೇಳಿದ್ರ ಏನ್ ಹೇಳ್ಲಿ?"

ನಾನು ಸುಮ್ಮನಾದೆ. ಸುಮ್ಮನಾಗುವುದನ್ನು ಕಾಲೇಜಿನಲ್ಲಿ ಕಲಿಸಿರಲಿಲ್ಲ. ಮದುವೆಯಾದ ಮೇಲೆ ಕಲಿತದ್ದು.

ಪೂಜೆಗೆ ಪಾಂಡವರೆಂದು ಐದು ಕಲ್ಲು ಇಡುವ ಕೆಲಸ ನನ್ನದು. ಪ್ರತಿವರ್ಷ ಬನ್ನಿ ಗಿಡದ ಕೆಳಗೆ ಇಡುತ್ತಿದ್ದೆ. ಈ ಸಲ ಮಡಿಯ ಅಂಚಿನಲ್ಲಿ ಉಳಿದಿದ್ದ ಕೊನೆಯ ಚುಕ್ಕಿ ಗಿಡದ ಸುತ್ತ ಇಟ್ಟು, ಬೇಗಬೇಗ ಸುಣ್ಣ ಬಳಿದು ಕುಂಕುಮ ಹಚ್ಚಿದೆ.

ಅದನ್ನೂ ಕೀಳಲು ಕೈ ಚಾಚಿದ ಮಾವ ಅಲ್ಲೇ ನಿಂತರು. "ಇಲ್ಯಾಕ ಇಟ್ಟಿ?"

"ತಪ್ಪಾತೇನ್ರಿ? ತೆಗೀಲೇನ್ರಿ?"

"ಏ, ಕುಂತ ದೇವ್ರನ್ನ ಎಬ್ಬಿಸ್ತಾರೇನ!" ಎಂದು ಅತ್ತೆ ಗದರಿದರು.

ಬೀಗರು ಬಂದರು, ಭಜ್ಜಿ ಉಂಡರು, ಹೊಳೆಯುವ ಗಿಡಗಳನ್ನು ಹೊಗಳಿ ಹೋದರು. ಅಷ್ಟು ಹೊಗಳಿಸಿಕೊಂಡ ಗಿಡಗಳು ವಾರದೊಳಗೆ ಎಲೆಯೆಲ್ಲ ಉದುರಿಸಿ ಕಡ್ಡಿಯಾದವು. ನೋಡಲು ಬೀಗರು ಇರಲಿಲ್ಲವಾದ್ದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ. ಕಲ್ಲುಗಳ ನಡುವಿನ ಗಿಡ ಮಾತ್ರ ಹೊಸ ಚಿಗುರೊಡೆದು ಕಾಯಿ ಬಿಟ್ಟಿತು.

"ನೋಡವ್ವಾ, ಪಾಂಡವರು ಹೆಂಗ ಕಾಯ್ದ್ರು!" ಎಂದರು ಮಾವ. ಊರಿಗೆಲ್ಲ ಅದನ್ನೇ ಹೇಳಿಕೊಂಡು ಬಂದರು.

"ಹೌದ್ರಿ ಮಾವಾ, ಭಾಳ ಛಲೋ ಕಾಯ್ದ್ರು" ಎಂದೆ.

ಹಣ್ಣಾದ ಕಾಯಿಗಳನ್ನು ಒಣಗಿಸಿ, ಬೀಜ ಬಿಡಿಸಿ, ಬೂದಿಯಲ್ಲಿ ಹೊರಳಿಸಿ ನನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಏನೇ ಇರಲಿ, ಪಾಂಡವರು ಒಮ್ಮೆ ರಾಜ್ಯವನ್ನೇ ಕಳೆದುಕೊಂಡವರು.